ಒಣಗಿದ ಪೈರಿಗೆ ಲೆಕ್ಕವಿದೆ, ತಪ್ಪಿದ ಕೂಲಿಗೆ ಲೆಕ್ಕವೆಲ್ಲಿ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಕೇಳಿದವರು ಬರೆದುಕೊಡಿ ಅಂದದ್ದರಿಂದ ಇಲ್ಲಿ ಕೊಟ್ಟಿದ್ದೇವೆ.)



ಊಟದ ಗಂಟೆ ಹೊಡೆಯುವುದರೊಳಗೆ ಮುಗಿಸಿ ಅಂತ ಮೊದಲೇ ಹೇಳಿಟ್ಟಿದ್ದಾರೆ. ಆಗಲಿ. ನಾವು ಮಾತಾಡೋಕೆ ಬಂದಿರೋದೂ ಊಟದ ವಿಚಾರವೇ.

ಬರ ಅಂದರೆ ಏನು ಅಂತ ಕೇಳಿದರೆ ನೀವು ಪರೀಕ್ಷೆಗೆ ಬರೆಯುವ ಹಾಗೆ ಬರೀತೀರಿ. ವಾಡಿಕೆ ಮಳೆಗಿಂತ ಇಷ್ಟು ಕಡಿಮೆ ಬಿದ್ದರೆ ಬರ. ಎರಡು ಅಂಕ. ಊರಿಗೆ ಹೋದಾಗ ಇದೇ ಪ್ರಶ್ನೆಯನ್ನು ನಿಮ್ಮ ಅವ್ವನಿಗೆ ಕೇಳಿ ನೋಡಿ. ಆಕೆ ಮಳೆಯ ಮಾತನ್ನೇ ಎತ್ತೋದಿಲ್ಲ. "ಈ ಸಾರಿ ಯಾರೂ ಕರೀಲಿಲ್ಲ ಕಣಪ್ಪ" ಅಂತಾಳೆ. ಕಳೆ ಕೀಳೋಕೆ ಕರೀಲಿಲ್ಲ, ಕುಯ್ಲಿಗೆ ಕರೀಲಿಲ್ಲ, ಒಕ್ಕೋಕೆ ಕರೀಲಿಲ್ಲ. ಊರಿನವರಿಗೆ ಬರ ಅಂದರೆ ಮಳೆ ಬಾರದೆ ಇರುವುದು. ಕೇರಿಯವರಿಗೆ ಬರ ಅಂದರೆ ಕರೆ ಬಾರದೆ ಇರುವುದು. ಇವೆರಡೂ ಒಂದೇ ಅಲ್ಲ. ಸರಕಾರದ ಕಡತಕ್ಕೆ ಮೊದಲನೆಯದು ಮಾತ್ರ ಗೊತ್ತು.

2023ನೇ ಇಸವಿ ತಗೊಳ್ಳೋಣ, ನಿಮಗೆಲ್ಲ ನೆನಪಿರೋ ವರ್ಷ. ಎಲ್ ನಿನೋ ಇದ್ದ ವರ್ಷ. ಅಂದರೆ ದೂರದ ಪೆಸಿಫಿಕ್ ಸಾಗರದ ನೀರು ಕಾವೇರಿತು, ಇಲ್ಲಿ ನಮ್ಮ ಮುಂಗಾರು ಕೆಟ್ಟಿತು. ಮಳೆ ತಡವಾಗಿ ಬಂತು. ಆಗಸ್ಟ್ ತಿಂಗಳಂತೂ 1901ರಿಂದ ಈಚೆಗೆ ಈ ದೇಶ ಕಂಡ ಅತಿ ಒಣ ಆಗಸ್ಟ್. ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸಾರಿದರು. ಅದರಲ್ಲಿ 196 ತೀವ್ರ ಬರದವು. ಸುಮಾರು 48 ಲಕ್ಷ ಹೆಕ್ಟೇರಿನಲ್ಲಿ ಬೆಳೆ ಹಾಳಾಯಿತು ಅಂತ ಲೆಕ್ಕ ಬಂತು.

ಈ ಲೆಕ್ಕ ಹೇಗೆ ಬರುತ್ತೆ ಅಂತ ತಿಳಿದುಕೊಳ್ಳಬೇಕು. ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರ ಗ್ರಾಮ ಪಂಚಾಯ್ತಿಗೊಂದರಂತೆ ತಾನೇ ವರದಿ ಕಳಿಸುವ ಮಳೆಮಾಪಕ ನಿಲ್ಲಿಸಿದೆ. ಮೇಲಿಂದ ಉಪಗ್ರಹ ನೆಲದ ಹಸಿರನ್ನು ನೋಡುತ್ತೆ. ಮಣ್ಣಿನ ತೇವ ನೋಡುತ್ತಾರೆ, ಬಿತ್ತನೆಯಾದ ಎಕರೆ ನೋಡುತ್ತಾರೆ. ಕೊನೆಗೆ 2016ರ ಬರ ಕೈಪಿಡಿಯ ಪ್ರಕಾರ ತಾಲೂಕಿನ ನೂರು ಹಳ್ಳಿಗೆ ಹತ್ತು ಹಳ್ಳಿ ಆರಿಸಿ ಹೊಲಕ್ಕೆ ಇಳಿದು ಪೈರನ್ನು ಕಣ್ಣಾರೆ ನೋಡಬೇಕು. ಮೂರನೇ ಒಂದು ಭಾಗ ಹೋಗಿದ್ದರೆ ಸಾಧಾರಣ ಬರ, ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ತೀವ್ರ ಬರ. ಇದರಲ್ಲಿ ತಪ್ಪೇನೂ ಇಲ್ಲ, ಒಳ್ಳೆಯ ಕೆಲಸವೇ. ಆದರೆ ಗಮನಿಸಿ, ಇಷ್ಟೂ ಅಳತೆಯಲ್ಲಿ ಒಬ್ಬ ಮನುಷ್ಯನನ್ನೂ ಮಾತಾಡಿಸುವ ಅಗತ್ಯ ಬೀಳೋದಿಲ್ಲ. ಎಲೆ ಒಣಗಿದ್ದು ಆಕಾಶದಿಂದ ಕಾಣುತ್ತೆ. ಒಲೆ ಹಚ್ಚದೆ ಇದ್ದದ್ದು ಎಲ್ಲಿಂದಲೂ ಕಾಣೋದಿಲ್ಲ.

ರಾಗಿ ಬೆಳೆಯೋ ಸೀಮೆಯವರು ನಾವು. ರಾಗಿಯ ಒಂದು ಎಕರೆಗೆ ಎಷ್ಟು ಕೈ ಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಪುನರ್ವಸು, ಪುಷ್ಯ ಮಳೆಗೆ ಬಿತ್ತನೆ. ಆಮೇಲೆ ಕುಂಟೆ ಹೊಡೆಯೋದು, ಹೆಂಗಸರು ಸಾಲು ಹಿಡಿದು ಕಳೆ ತೆಗೆಯೋದು. ಕಾರ್ತೀಕ ಬಂದರೆ ಕುಯ್ಲು, ಅರಿ ಹಾಕೋದು, ಕಟ್ಟು ಕಟ್ಟೋದು, ಮೆದೆ ಒಟ್ಟೋದು. ಆಮೇಲೆ ಕಣ, ಒಕ್ಕಣೆ, ತೂರೋದು. ಈಗ ಇದರಲ್ಲಿ ಎಷ್ಟೋ ಕೆಲಸವನ್ನು ಯಂತ್ರ ಕಿತ್ತುಕೊಂಡಿದೆ, ಒಕ್ಕಣೆಯನ್ನು ರಸ್ತೆ ಮೇಲೆ ಹಾಕಿ ಲಾರಿ ಬಸ್ಸಿನ ಚಕ್ರಕ್ಕೆ ಬಿಟ್ಟಿದ್ದಾರೆ, ಅದು ಬೇರೆ ಮಾತು. ಉಳಿದಿರುವ ಕೆಲಸ ಮಾತ್ರ ಇನ್ನೂ ನಮ್ಮದೇ. ಮಳೆ ಕೈಕೊಟ್ಟರೆ ಜಮೀನಿನವನ ಬೆಳೆ ಒಂದು ಸಾರಿ ಹೋಗುತ್ತೆ. ಕೂಲಿಯವಳಿಗೆ ಕಳೆಯಲ್ಲಿ ಒಂದು ಸಾರಿ ಹೋಗುತ್ತೆ, ಕುಯ್ಲಲ್ಲಿ ಒಂದು ಸಾರಿ, ಕಣದಲ್ಲಿ ಮತ್ತೊಂದು ಸಾರಿ. ಹಿಂದೆ ಕಣದಲ್ಲಿ ಕೊಡುತ್ತಿದ್ದ ಮೊರ ರಾಗಿ, ಬರಲು ಹುಲ್ಲು, ಅದೂ ಇಲ್ಲ.

ಈಗ ಹಣದ ಮಾತು. ಪುಸ್ತಕ ತೆಗೆದು ಬರೆದುಕೊಳ್ಳಿ. ವಿಪತ್ತು ಪರಿಹಾರ ನಿಧಿಯ ನಿಯಮ ಅಂತ ಒಂದಿದೆ, ಕೇಂದ್ರ ಸರಕಾರ ಮಾಡಿದ್ದು. 2022ರಿಂದ 2026ರ ಅವಧಿಯ ನಿಯಮದಲ್ಲಿ ಒಣ ಬೇಸಾಯದ ಬೆಳೆ ಹೋದರೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ತೋಟದ ಬೆಳೆಗೆ 22,500. ಎರಡು ಹೆಕ್ಟೇರಿನವರೆಗೆ ಮಾತ್ರ. ಅಂದರೆ ಎರಡು ಹೆಕ್ಟೇರ್ ರಾಗಿ ಕಳೆದುಕೊಂಡವನಿಗೆ 17,000 ರೂಪಾಯಿ. ಇದು ಎಲ್ಲರಿಗೂ ಗೊತ್ತು, ಪೇಪರಿನಲ್ಲಿ ಬರುತ್ತೆ.

ಪೇಪರಿನಲ್ಲಿ ಬಾರದ ಸಾಲು ಒಂದಿದೆ. ಅದೇ ನಿಯಮದಲ್ಲಿ, ವಿಪತ್ತಿನಿಂದ ಜೀವನೋಪಾಯಕ್ಕೆ ತೀವ್ರ ಪೆಟ್ಟು ಬಿದ್ದ ಕುಟುಂಬಗಳಿಗೆ ಪರಿಹಾರ ಅಂತ ಇದೆ. ಕುಟುಂಬಕ್ಕೆ ಇಬ್ಬರು ವಯಸ್ಕರ ಲೆಕ್ಕ. ತಲೆಗೆ ದಿನಕ್ಕೆ ಉದ್ಯೋಗ ಖಾತ್ರಿಯ ಕೂಲಿ ದರ. ಸಾಮಾನ್ಯವಾಗಿ 30 ದಿನ, ಅಗತ್ಯ ಬಿದ್ದರೆ ಇನ್ನೂ ಹೆಚ್ಚು. ಆ ಸಾಲಿನಲ್ಲಿ ಜಮೀನು ಇರಬೇಕು, ಪಹಣಿ ತರಬೇಕು ಅಂತ ಇಲ್ಲ. ಕುಟುಂಬ ಅಂತ ಇದೆ. 2023-24ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ 316 ರೂಪಾಯಿ. ಇಬ್ಬರಿಗೆ 30 ದಿನಕ್ಕೆ ಎಷ್ಟಾಯಿತು? ಗುಣಿಸಿ. 18,960 ರೂಪಾಯಿ.

ಅಂದರೆ ಎರಡು ಹೆಕ್ಟೇರಿನ ಒಡೆಯನಿಗೆ ಬರುವ ಹಣಕ್ಕಿಂತ ಒಂದು ಕೈ ಹೆಚ್ಚೇ ಹಣವನ್ನು ಅದೇ ಪುಸ್ತಕ ಕೂಲಿಯ ಕುಟುಂಬಕ್ಕೂ ಬರೆದಿಟ್ಟಿದೆ. ನಿಮ್ಮ ಕೇರಿಯಲ್ಲಿ ಈ ಹಣ ಕಂಡವರು ಯಾರಾದರೂ ಇದ್ದರೆ ಕೈ ಎತ್ತಿ.

(ಯಾರೂ ಕೈ ಎತ್ತಲಿಲ್ಲ.)

ರಾಜ್ಯ ಸರಕಾರ ಕೇಳಲಿಲ್ಲವೇ ಅಂದರೆ, ಕೇಳಿತು. 2023ರಲ್ಲಿ ಕೇಂದ್ರಕ್ಕೆ ಕೊಟ್ಟ ಮನವಿಯಲ್ಲಿ ಒಟ್ಟು 18,171 ಕೋಟಿ ಕೇಳಿದ್ದರು. ಅದರಲ್ಲಿ ಬೆಳೆ ಹೋದವರಿಗೆ 4,663 ಕೋಟಿ. ಕುಡಿಯುವ ನೀರಿಗೆ 566 ಕೋಟಿ, ದನಕರುಗಳಿಗೆ 363 ಕೋಟಿ. ಮಿಕ್ಕದ್ದು, 12,577 ಕೋಟಿ, ಜೀವನೋಪಾಯ ಕಳೆದುಕೊಂಡ ಕುಟುಂಬಗಳ ಬಾಬ್ತು. ಎಲ್ಲಕ್ಕಿಂತ ದೊಡ್ಡ ಗಂಟು ಅದೇ. ತಿಂಗಳುಗಟ್ಟಲೆ ಹಣ ಬರಲಿಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಕೇಂದ್ರ 3,454 ಕೋಟಿ ಬಿಟ್ಟಿತು. ಕೇಳಿದ್ದರಲ್ಲಿ ಐದನೇ ಒಂದು ಪಾಲೂ ಅಲ್ಲ. ಕೋತಾ ಬಿದ್ದದ್ದು ಮುಖ್ಯವಾಗಿ ಆ ದೊಡ್ಡ ಗಂಟಿಗೇ. ಆಮೇಲೆ ರಾಜ್ಯವೇ ಜೀವನೋಪಾಯ ನಷ್ಟಕ್ಕೆ ಅಂತ ಮನೆಗೆ ಸುಮಾರು 3,000 ರೂಪಾಯಿ ಕೊಡುತ್ತೇವೆ ಅಂದಿತು. ಯಾರಿಗೆ? ಒಣ ಬೇಸಾಯದ ಸಣ್ಣ, ಅತಿ ಸಣ್ಣ ರೈತರ 17 ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ. ಮತ್ತೆ ಪಹಣಿ ಇದ್ದವರಿಗೇ. ಕೇಂದ್ರ ಕೊಡಲಿಲ್ಲ ಅಂತ ರಾಜ್ಯ ಬೈಯಿತು, ಅದು ಸರಿ. ತಾನು ಕೊಡುವಾಗ ಕೇರಿಯ ಕಡೆ ತಿರುಗಿ ನೋಡಿತಾ?

ಸಣ್ಣ ರೈತನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಎರಡು ಎಕರೆ ನೆಚ್ಚಿಕೊಂಡು ಸಾಲ ಮಾಡಿ ಬಿತ್ತಿದವನ ಗೋಳು ಕೂಲಿಯವನಿಗೇ ಚೆನ್ನಾಗಿ ಗೊತ್ತು. ಅವನಿಗೆ ಸಿಕ್ಕಿದ್ದೂ ಸಾಲದು. ನಮ್ಮ ತಕರಾರು ಒಂದೇ, ನಷ್ಟದ ಪಟ್ಟಿ ಪಹಣಿಯಿಂದ ಶುರುವಾಗಿ ಪಹಣಿಯಲ್ಲೇ ಮುಗಿಯುತ್ತೆ ಅನ್ನೋದು. 2023ರ ಬರಕ್ಕೆ ಪರಿಹಾರ ಹಂಚಿದ್ದು ಫ್ರೂಟ್ಸ್ ಅನ್ನೋ ಕಂಪ್ಯೂಟರ್ ಪಟ್ಟಿ ನೋಡಿ. ಆ ಪಟ್ಟಿಯಲ್ಲಿ ಸರ್ವೆ ನಂಬರ್ ಸೇರಿಸಿದವರಿಗೆ, ಸೇರಿಸಿದಷ್ಟು ಜಮೀನಿಗೆ ಮಾತ್ರ. ಜಮೀನೇ ಇಲ್ಲದವರು ಆ ಪಟ್ಟಿಗೆ ಸೇರೋದು ಹೇಗೆ? 2011ರ ಜನಗಣತಿಯಲ್ಲಿ ದೇಶದ ಪರಿಶಿಷ್ಟ ಜಾತಿಯ ದುಡಿಯುವವರಲ್ಲಿ ಸ್ವಂತ ಬೇಸಾಯದವರು ನೂರಕ್ಕೆ ಹದಿನೈದು ಮಂದಿಯೂ ಇಲ್ಲ. ಕೃಷಿ ಕೂಲಿಯವರು ನೂರಕ್ಕೆ 46ರ ಹತ್ತಿರ. 1974ರಲ್ಲಿ ಉಳುವವನೇ ಹೊಲದೊಡೆಯ ಅಂತ ಕಾಯಿದೆ ಆಯಿತು, ಗೇಣಿದಾರರಿಗೆ ಭೂಮಿ ಬಂತು. ನಮ್ಮವರು ಬಹುಪಾಲು ಗೇಣಿದಾರರೂ ಆಗಿರಲಿಲ್ಲ, ಆ ಗೇಣಿದಾರನ ಹೊಲದಲ್ಲಿ ಆಳಾಗಿದ್ದರು. ಭೂಮಿ ಹಂಚಿದ ದಿನ ತಪ್ಪಿದ ಪಟ್ಟಿಯೇ ಬರ ಬಂದ ದಿನವೂ ತಪ್ಪಿಸುತ್ತಿದೆ.

ಅಷ್ಟೋ ಇಷ್ಟೋ ಜಮೀನು ಇರುವ ನಮ್ಮವರ ಪಾಡೂ ನೋಡಿ. ಬಗರ್ ಹುಕುಂ ಅಂತ ಮೂವತ್ತು ವರ್ಷ ಉತ್ತವನು ನಮೂನೆ 50 ಹಾಕಿದ, 53 ಹಾಕಿದ, 57 ಹಾಕಿದ. ಸಾಗುವಳಿ ಚೀಟಿ ಕೈಗೆ ಬಾರದೆ ಇದ್ದರೆ ಅವನ ಒಣಗಿದ ರಾಗಿಯನ್ನು ಉಪಗ್ರಹ ನೋಡುತ್ತೆ, ಪರಿಹಾರ ನೋಡೋದಿಲ್ಲ. ಇನ್ನು ಮಂಜೂರಾದ ಎರಡು ಎಕರೆ ತಾತನ ಹೆಸರಿನಲ್ಲೇ ಇರುತ್ತೆ. ತಾತ ಹೋಗಿ ಇಪ್ಪತ್ತು ವರ್ಷ ಆಗಿರುತ್ತೆ. ಪೌತಿ ಖಾತೆ ಮಾಡಿಸಿರೋದಿಲ್ಲ. ಹಣ ಬಂದರೂ ಸತ್ತವರ ಹೆಸರಿಗೆ ಬರಬೇಕು.

ಇದೆಲ್ಲ ಈಚಿನ ಕಾಲದ ಕಂಪ್ಯೂಟರಿನ ತಪ್ಪು ಅಂದುಕೊಳ್ಳಬೇಡಿ. ಧಾತು, ಈಶ್ವರ ಸಂವತ್ಸರಗಳ ಬರ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. 1876ರಿಂದ 78ರ ಬರ ಅದು. 1871ರ ಎಣಿಕೆಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ 55 ಸಾವಿರ. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದರೆ 41 ಲಕ್ಷ 86 ಸಾವಿರ. ಹೆಚ್ಚಬೇಕಾದ ಜನ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕಡಿಮೆಯಾಗಿದ್ದರು. ಆಗ ರೈಲು ಇತ್ತು, ದೇಶದಿಂದ ಹೊರಕ್ಕೆ ಗೋಧಿ ಸಾಗುತ್ತಲೇ ಇತ್ತು. ಪಕ್ಕದ ಮದ್ರಾಸಿನಲ್ಲಿ ರಿಚರ್ಡ್ ಟೆಂಪಲ್ ಅನ್ನೋ ದೊರೆ ಬರಗಾಲದ ಕಾಮಗಾರಿಗೆ ಬಂದವರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಪುಡಿಗಾಸು ಸಾಕು ಅಂತ ಕೂಲಿ ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕೆಜಿಗೂ ಕಡಿಮೆ. ಕಲ್ಲು ಒಡೆಯುವವನಿಗೆ ಅದು ಸಾಲದು ಅಂತ ಕಾರ್ನಿಷ್ ಅನ್ನೋ ಡಾಕ್ಟರು ಜಗಳ ತೆಗೆದ.

ಆಮೇಲೆ ಬ್ರಿಟಿಷರು ಬರಗಾಲದ ಕೋಡ್ ಬರೆದರು. ಕಲ್ಲೆದೆಯ ಕೋಡ್ ಅದು, ನಾವು ಹೊಗಳುತ್ತಿಲ್ಲ. ಆದರೆ ಅದರಲ್ಲೊಂದು ವಿಚಾರ ಇತ್ತು. ಬರ ಬಂದಿದೆಯೋ ಇಲ್ಲವೋ ಅಂತ ಅನುಮಾನ ಇದ್ದರೆ ಪರೀಕ್ಷೆಗೆ ಅಂತ ಒಂದು ಕಾಮಗಾರಿ ತೆರೆಯಬೇಕು, ತೀರಾ ಕಡಿಮೆ ಕೂಲಿಗೂ ಜನ ಮುಗಿಬಿದ್ದು ಬಂದರೆ ಬರ ಬಂದಿದೆ ಅಂತ ತಿಳಿಯಬೇಕು. ಆ ಕಾಲದ ದೊರೆಗೂ ಬರದ ಗುರುತು ಕೆಲಸ ಕೇಳಿಕೊಂಡು ಬಂದ ಮನುಷ್ಯ. ಈಗಿನ ಕೈಪಿಡಿಯಲ್ಲಿ ಬರದ ಗುರುತು ಎಲೆಯ ಬಣ್ಣ. ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ 1943ರ ಬಂಗಾಳದ ಕ್ಷಾಮದ ಲೆಕ್ಕ ತೆಗೆದು ತೋರಿಸಿದ್ದೂ ಇಂಥದ್ದೇ. ಆ ವರ್ಷ ಅಕ್ಕಿ 1941ಕ್ಕಿಂತ ಕಡಿಮೆ ಏನೂ ಇರಲಿಲ್ಲ. ಕೊಳ್ಳುವ ಶಕ್ತಿ ಹೋಗಿತ್ತು. ಹೆಚ್ಚಾಗಿ ಸತ್ತವರು ಭೂಮಿಯಿಲ್ಲದ ಕೂಲಿಯವರು, ಮೀನುಗಾರರು. ಅರ್ಥಶಾಸ್ತ್ರ ಓದುವವರು ನಿಮ್ಮಲ್ಲಿದ್ದರೆ ಆ ಪುಸ್ತಕ ಹುಡುಕಿ ಓದಿ.

ಅಕ್ಕಿ ಅಂದಾಗ ನೆನಪಾಯಿತು. ಅದೇ 2023ರ ಜೂನಿನಲ್ಲಿ ಕೇಂದ್ರದ ಆಹಾರ ನಿಗಮ ರಾಜ್ಯಗಳಿಗೆ ಅಕ್ಕಿ ಮಾರೋದನ್ನು ನಿಲ್ಲಿಸಿತು. ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಬದಲು ರಾಜ್ಯ ಸರಕಾರ ಕೆಜಿಗೆ 34ರ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ಮತ್ತೆ ಅಕ್ಕಿಯೇ ಬಂದದ್ದು 2025ರ ಫೆಬ್ರವರಿಯಿಂದ. ಬರದ ವರ್ಷ ಪೂರ್ತಿ ಆ ಐದು ಕೆಜಿ ಕಾಸಿನ ರೂಪದಲ್ಲಿತ್ತು. 34 ರೂಪಾಯಿಗೆ ಅಂಗಡಿಯವನು ಎಂಥ ಅಕ್ಕಿ ಕೊಟ್ಟ ಅಂತ ಮನೆಯಲ್ಲಿ ಕೇಳಿ. ಒಂದು ಮಾತು ಒಪ್ಪಬೇಕು. ನಮ್ಮ ಹಿಂದಿನ ತಲೆಮಾರು 1965-66ರ ಬರದಲ್ಲಿ ಅಮೆರಿಕದಿಂದ ಬಂದ ಕೆಂಪು ಜೋಳ ತಿಂದಿತು, ಸ್ಕೂಲಿನಲ್ಲಿ ಕೇರ್ ಉಪ್ಪಿಟ್ಟು ತಿಂದಿತು. ಇವತ್ತು ಸೊಸೈಟಿಯ ಅಕ್ಕಿ ಇರೋದರಿಂದ ಕೇರಿಯಲ್ಲಿ ಸಾವಿಲ್ಲ. ಸಾವಿಲ್ಲ ಅಂದ ಮಾತ್ರಕ್ಕೆ ಬರ ಇಲ್ಲ ಅಂತ ಅಲ್ಲ. ಬೇಳೆ ಹೋಗುತ್ತೆ, ಎಣ್ಣೆ ಹೋಗುತ್ತೆ, ಹಾಲು ಹೋಗುತ್ತೆ. ಅಪ್ಪ ಅವ್ವ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಮುದುಕರು ಮತ್ತು ಮಕ್ಕಳು ಮನೆಯಲ್ಲಿ. ಮೊದಲು ನಿಲ್ಲೋದು ಹೆಣ್ಣುಮಗಳ ಸ್ಕೂಲು. ಇಲ್ಲಿ ಕೂತಿರುವ ತಂಗಿಯರಿಗೆ ಗೊತ್ತು, ಜೊತೆಗೆ ಓದುತ್ತಿದ್ದವರಲ್ಲಿ ಯಾರು ಯಾವ ವರ್ಷ ಬಿಟ್ಟರು ಅಂತ.

ಉದ್ಯೋಗ ಖಾತ್ರಿ ಇತ್ತಲ್ಲ ಅಂತ ಯಾರಾದರೂ ಕೇಳಬಹುದು. ಇತ್ತು. 2005ರ ಕಾಯಿದೆ, ವರ್ಷಕ್ಕೆ 100 ದಿನ. ಬರ ಸಾರಿದ ಕಡೆ ಇನ್ನೂ 50 ದಿನ ಸೇರಿಸಬಹುದಿತ್ತು. 2023ರಲ್ಲಿ ರಾಜ್ಯ ಕೇಳಿತು, ತಿಂಗಳುಗಟ್ಟಲೆ ಒಪ್ಪಿಗೆ ಬರಲಿಲ್ಲ. ಅದಕ್ಕೂ ಮೊದಲು 2021ರಲ್ಲಿ ಇನ್ನೊಂದು ತಮಾಷೆ ನಡೆಯಿತು. ಕೂಲಿ ಹಣವನ್ನು ಪರಿಶಿಷ್ಟ ಜಾತಿಗೆ ಬೇರೆ, ಪರಿಶಿಷ್ಟ ಪಂಗಡಕ್ಕೆ ಬೇರೆ, ಇತರರಿಗೆ ಬೇರೆ ಅಂತ ಮೂರು ಭಾಗ ಮಾಡಿ ಕಳಿಸಿ ಅಂತ ದೆಹಲಿಯಿಂದ ಸೂಚನೆ. ಒಂದೇ ಗುಂಡಿ ತೋಡಿದವರಲ್ಲಿ ಒಬ್ಬನಿಗೆ ದುಡ್ಡು ಬಂತು, ಇನ್ನೊಬ್ಬನಿಗೆ ಬರಲಿಲ್ಲ. ನಮ್ಮ ನಮ್ಮಲ್ಲೇ ಮುಖ ಮುಖ ನೋಡಿಕೊಳ್ಳುವ ಹಾಗಾಯಿತು. ಗಲಾಟೆಯಾದ ಮೇಲೆ ಆ ವರ್ಷದೊಳಗೇ ಹಿಂದಕ್ಕೆ ತಗೊಂಡರು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯಿದೆಯ ಜಾಗಕ್ಕೆ ಬೇರೆ ಕಾಯಿದೆಯನ್ನೇ ಪಾಸು ಮಾಡಿತು. 125 ದಿನ ಅಂತ ಬರೆದಿದ್ದಾರೆ. ಜೊತೆಗೆ ಖರ್ಚಿನಲ್ಲಿ ನೂರಕ್ಕೆ 40 ರಾಜ್ಯ ಹೊರಬೇಕು ಅಂತಲೂ, ಬಿತ್ತನೆ ಕುಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನ ಕೆಲಸ ನಿಲ್ಲಿಸಬಹುದು ಅಂತಲೂ ಬರೆದಿದ್ದಾರೆ. ಹೊಲದವರಿಗೆ ಆಳು ಸಿಗಲಿ ಅಂತ ಈ 60 ದಿನ. ಮಳೆ ಬಾರದ ವರ್ಷ ಕುಯ್ಲೇ ಇರೋದಿಲ್ಲ. ಆಗಲೂ ನಮ್ಮನ್ನು ಯಾರ ಹೊಲಕ್ಕೆ ಅಂತ ಕಾಯಿಸಿ ಕೂರಿಸುತ್ತಾರೆ?

ಮಳೆ ಹೆಚ್ಚಾದರೂ ಕಥೆ ಬೇರೆ ಅಲ್ಲ. 2021ರ ನವೆಂಬರಿನಲ್ಲಿ ಕೋಲಾರ, ತುಮಕೂರು ಕಡೆ ಕುಯ್ಲಿನ ಹೊತ್ತಿಗೆ ಮಳೆ ಹಿಡಿದು ಬಿಡಲೇ ಇಲ್ಲ. ರಾಗಿ ತೆನೆಯಲ್ಲೇ ಮೊಳಕೆ ಒಡೆಯಿತು. ಬೆಳೆ ನಷ್ಟದ ಸರ್ವೆ ಆಯಿತು. ಕುಯ್ಲು ತಪ್ಪಿದ ಆಳಿನ ಸರ್ವೆ ಆಗಲಿಲ್ಲ. 2009ರಲ್ಲಿ, 2019ರಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂತು. ಕೇರಿಗಳನ್ನು ತಗ್ಗಿನಲ್ಲೇ ಇಟ್ಟವರು ಯಾರು, ನೀರು ಮೊದಲು ನುಗ್ಗೋದು ಎಲ್ಲಿಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕುಡಿಯುವ ನೀರಿನ ಟ್ಯಾಂಕರ್ ಊರ ಮುಂದೆ ನಿಲ್ಲುತ್ತೋ ಕೇರಿಯ ಮುಂದೆ ನಿಲ್ಲುತ್ತೋ ಅನ್ನೋದೂ ಹಾಗೆಯೇ. ಹಳೇ ಮೈಸೂರಿನ ಎಷ್ಟೋ ಊರಲ್ಲಿ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದ ನೀರಗಂಟಿ ನಮ್ಮವನೇ. ಊರಿಗೆಲ್ಲ ನೀರು ಹಂಚುತ್ತಿದ್ದ ಅವನೇ ಊರ ಬಾವಿಯಲ್ಲಿ ಕೊಡ ಇಳಿಸುವಂತಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿದದ್ದು ಬಾಯಾರಿಕೆಗೆ ಮಾತ್ರ ಅಲ್ಲ ಅಂತ ನಿಮಗೆ ಗೊತ್ತು.

ಈಗ ಏನು ಮಾಡೋದು. ಜೀವನೋಪಾಯ ಕಳೆದುಕೊಂಡ ಕುಟುಂಬ ಅನ್ನೋ ಸಾಲು ನಿಯಮದಲ್ಲಿದೆ, ಆ ಕುಟುಂಬದ ಹೆಸರು ಮಾತ್ರ ಯಾವ ಕಚೇರಿಯಲ್ಲೂ ಇಲ್ಲ. ಆ ಹೆಸರು ಬರೆಯಬೇಕಾದವರು ಬರೆಯೋದಿಲ್ಲ. ನಾವೂ ಇಷ್ಟು ದಿನ ಬರೆಯಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇವೆ. ಭೂಮಿ ಬೇಕು ಅಂತ ಕೂಗಿದೆವು, ಕೂಗಬೇಕಾದ್ದೇ. ಭೂಮಿ ಸಿಗುವವರೆಗೆ ಮಧ್ಯದ ವರ್ಷಗಳಲ್ಲಿ ಹೋದ ಕೂಲಿಯನ್ನು ಬರೆದಿಡೋದು ಸಣ್ಣ ಕೆಲಸ ಅಂತ ಬಿಟ್ಟುಬಿಟ್ಟೆವು.

ಅದಕ್ಕೆ ನಿಮ್ಮ ಹತ್ತಿರ ಬಂದದ್ದು. ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ ಮನೆಮನೆ ಕೂತು ಬರೆಯಿರಿ. ಯಜಮಾನನನ್ನು ಮಾತ್ರ ಕೇಳಬೇಡಿ, ಹೆಂಗಸರನ್ನು ಕೇಳಿ. ಕಳೆಯ ಲೆಕ್ಕ ಇರೋದು ಅವರ ತಲೆಯಲ್ಲಿ. ಒಳ್ಳೆ ಮಳೆಯಾದ ವರ್ಷ ಕಳೆಗೆ ಎಷ್ಟು ದಿನ ಹೋಗಿದ್ದಿರಿ, ಕುಯ್ಲಿಗೆ ಎಷ್ಟು, ಈ ವರ್ಷ ಎಷ್ಟು. ಕೂಲಿ ಆಗ ಎಷ್ಟು, ಈಗ ಎಷ್ಟು. ಖಾತ್ರಿ ಕೆಲಸಕ್ಕೆ ಅರ್ಜಿ ಕೊಟ್ಟಿರಾ, ಕೊಟ್ಟಿದ್ದರೆ ತಾರೀಕು ಹಾಕಿದ ರಸೀದಿ ಇದೆಯಾ. ಬಾಯಿಮಾತಲ್ಲಿ ಕೇಳಿದ್ದು ಕಚೇರಿಯಲ್ಲಿ ಕೇಳಿದ್ದಲ್ಲ, ಬರವಣಿಗೆಯಲ್ಲಿ ಕೇಳಿಸಿ, ರಸೀದಿ ಇಸಕೊಳ್ಳಿ. ಜಮೀನು ಇದ್ದವರದ್ದು ಪಹಣಿ ಯಾರ ಹೆಸರಲ್ಲಿದೆ ನೋಡಿ, ತಾತನ ಹೆಸರಲ್ಲಿದ್ದರೆ ಪೌತಿ ಖಾತೆಗೆ ಅರ್ಜಿ ನೀವೇ ಬರೆಯಿರಿ. ಫ್ರೂಟ್ಸ್ ನಂಬರ್ ಇದೆಯಾ, ಎಲ್ಲ ಸರ್ವೆ ನಂಬರ್ ಸೇರಿದೆಯಾ ನೋಡಿ. ದೊಡ್ಡದು ಮಾಡಿ ಬರೆಯಬೇಡಿ. ಹತ್ತು ದಿನ ಹೋಗಿದ್ದರೆ ಹತ್ತೇ ಬರೆಯಿರಿ. ಒಂದು ಸುಳ್ಳು ಸಿಕ್ಕರೆ ಪೂರ್ತಿ ಪುಸ್ತಕ ಪಕ್ಕಕ್ಕೆ ಎಸೆಯೋಕೆ ಕಾಯುತ್ತಾ ಕೂತಿರುತ್ತಾರೆ.

ಹಾಗೆ ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಬೇಕು, ನಡಾವಳಿ ಪುಸ್ತಕದಲ್ಲಿ ಸೇರಿಸಿ ಅಂತ ಪಿಡಿಒಗೆ ಹೇಳಬೇಕು. ಒಂದು ಪ್ರತಿ ತಹಸೀಲ್ದಾರರಿಗೆ, ಒಂದು ಪ್ರತಿ ನಮಗೆ. ಓದುವಾಗ ಒಬ್ಬರೇ ಹೋಗಬೇಡಿ. ಯಾಕೆ ಅಂತ ನಿಮಗೆ ಗೊತ್ತು.

ಗಂಟೆ ಹೊಡೆಯಿತು, ಅಡುಗೆಯವರು ಬಾಗಿಲಲ್ಲಿ ನಿಂತಿದ್ದಾರೆ. ಗೆರೆ ಹಾಕಿದ ನೋಟ್‌ಬುಕ್ ತಂದಿದ್ದೇವೆ. ಯಾವ ಊರು, ಯಾವ ತಾಲೂಕು ಅಂತ ಮೊದಲ ಹಾಳೆಯಲ್ಲಿ ಬರೆದು ಒಂದೊಂದು ತಗೊಳ್ಳಿ. ಒಂದೇ ಊರಿನವರು ಇಬ್ಬರಿದ್ದರೆ ಇಬ್ಬರಿಗೂ ಸೇರಿ ಒಂದೇ ತಗೊಳ್ಳಿ, ಪುಸ್ತಕ ಕಡಿಮೆ ಇವೆ.

ಜೈ ಭೀಮ್.